ಅಂಚ ಹರದೈತಿ ಅಂತ ಸ್ಪೀಕರ್ ಮೋಡಕಾಕ್ಕ ಹಾಕ್ತೀರೇನ್ರಿ?

ಅಕ್ಕಾರ, ತಂಗ್ಯಾರ, ವೈನಿಗೋಳ, ಈ ಸಲ ಅಡಗಿ ಮಾತಿಲ್ಲ, ಜಗಳದ ಮಾತ ಐತಿ.

ಕುಕ್ಕರಿನ ರಬ್ಬರ್ ಸಡ್ಲಾದ್ರ ಕುಕ್ಕರ್ ಒಗೀತೇವೇನು? ಮಿಕ್ಸರಿನ ಕಾರ್ಬನ್ ಸವದ್ರ ಮಿಕ್ಸರ್ ಮಾರತೇವೇನು? ಸೀರಿ ಫಾಲ್ ಹೋದ್ರ ಹೊಸಾ ಫಾಲ್ ಹಚ್ತೇವಿ, ಸೀರಿನ ಹರದ್ರ ಕೌದಿಗೆ ಹಾಕ್ತೇವಿ. ಇಷ್ಟ ಶಾಣ್ಯಾ ಹೆಣಮಕ್ಕಳಿರೂ ಮನ್ಯಾಗ, ಅತ್ತಿ-ಮಾವನ ಕಾಲದ ಕಟಗಿ ಪೆಟಗಿ ಸ್ಪೀಕರ್ ಒಂದ್ಸಲ ಗೊರ್ ಅಂದ ಕೂಡ್ಲೆ “ಹಳೇದಾತು, ಕೊಟ್ಟ ಬಿಡ್ರಿ” ಅಂತ ಮೋಡಕಾದವನ ಗಾಡಿ ಏರಸ್ತೀರಿ. ಗೋಕಾಕದಾಗೂ ಅದ, ಮೂಡಲಗ್ಯಾಗೂ ಅದ, ಹುಕ್ಕೇರ್ಯಾಗೂ ಅದ. ದೀಪಾವಳಿ ಮುಂದಂತೂ ಕೇಳೂದ ಬ್ಯಾಡ.

ಹಳೇದಾಗಿದ್ದು ಯಾವದು ಅಂತ ಒಬ್ರರ ಜಾಳಗಿ ತಗದ ನೋಡೀರೇನು? ನಡಬರಕ ಕಾಗದದ ಕೋನ್ ಇರತೈತಿ. ಅದರ ಸುತ್ತ ಮೆತ್ತಗಿನ ಅಂಚ. ಹಿಂದ ಭಾರದ ಚುಂಬಕ, ಅದರ ಸಂದಿನ್ಯಾಗ ಕೂದಲಿನಷ್ಟ ಸಣ್ಣ ತಾಮ್ರದ ತಂತಿ ಸುತ್ತಿದ ಕಾಯಿಲ್. ಕಾಯಿಲ್ ನಡಗಿದ್ರ ಕೋನ್ ನಡಗತೈತಿ, ಕೋನ್ ನಡಗಿದ್ರ ದನಿ ಬರತೈತಿ. ಇದರಾಗ ಚುಂಬಕ ಸಾಯೂದ ಅಪರೂಪ, ಪೆಟಗಿ ಸಾಯೂದಿಲ್ಲ. ಸಾಯೂದು ಆ ಸ್ಪಂಜಿನ ಅಂಚ. ಥಂಡಿಗೆ, ಬಿಸಲಿಗೆ ಹತ್ತ-ಹದಿನೈದ ವರ್ಷದಾಗ ಪುಡಿ ಆಗತೈತಿ; ಬಟ್ಟ ಹಚ್ಚಿದ್ರ ಹಳೇ ರವಾ ಉಂಡಿ ಉದುರಿದಂಗ ಉದರತೈತಿ. ಅದಕ್ಕೂ ಹಿಂದಿನ ರೇಡಿಯೋದ ಸ್ಪೀಕರಿಗೆ ಕಾಗದದ್ದೋ ಅರಿಬಿದೋ ಅಂಚ ಇರತಿತ್ತು, ಅವು ಇನ್ನೂ ಗಟ್ಟಿ ಅದಾವು.

ಎರಡನೇದು ಕೆಪ್ಯಾಸಿಟರ್. ಪೆಟಗಿ ಒಳಗ ಬೆರಳಿನಷ್ಟ ಸಣ್ಣ ಡಬ್ಬಿ. ಸಣ್ಣ ದನಿ ತಗಿಯೂ ಟ್ವೀಟರಿಗೆ ದಪ್ಪ ದನಿ ಹೋಗಧಂಗ ಜರಡಿ ಹಿಡಿಯೂದ ಅದರ ಕೆಲಸ. ವರ್ಷಾನಗಟ್ಟಲೆ ಆದಮ್ಯಾಲ ಒಳಗಿನ ರಸ ಒಣಗತೈತಿ, ಹಾಡ ಕಂಬಳಿ ಹೊತ್ತಂಗ ಕೇಳತೈತಿ. ನಾವು “ಸ್ಪೀಕರ್ ಸತ್ತೈತಿ” ಅಂತೇವಿ. ಸತ್ತಿದ್ದು ಆ ಸಣ್ಣ ಡಬ್ಬಿ ಅಷ್ಟ.

ನಮ್ಮ ಮನಿ ಜೋಡಿ ಸ್ಪೀಕರ್ ನಾನೂ ನನ್ನ ತಮ್ಮನ ಮಗಾನೂ ಕೂಡಿ ಮಾಡೇವಿ. ಹಳೇ ಅಂಚ ಸ್ಪಿರಿಟ್ ಹಚ್ಚಿ ನಿಧಾನಕ ಕೆರದ ತಗದ್ವಿ, ಕೋನ್ ಹರೀಧಂಗ. ನಡಬರಕಿನ ಟೊಪಗಿ ಬಿಚ್ಚಿ, ಕಾಯಿಲ್ ಸುತ್ತ ಹಳೇ ಫೋಟೋ ರೀಲಿನ ತುಣುಕ ಸಿಗಸಿದ್ವಿ, ಕಾಯಿಲ್ ನಟ್ಟ ನಡುವ ನಿಂದರಲಿ ಅಂತ. ಆಮ್ಯಾಲ ಹೊಸಾ ಅಂಚಿಗೆ ಅಂಟ. ಗಡಿಬಿಡಿಲೆ ಒಣಗೂ ಫೆವಿಕ್ವಿಕ್ ಅಲ್ಲ, ಸರಿಸಿ ಕುಂಡ್ರಸಾಕ ಟೈಮ್ ಕೊಡೂ ಅಂಟ. ಒಂದ ರಾತ್ರಿ ಮುಟ್ಟಲಿಲ್ಲ. ಮುಂಜಾನೆ ತುಣುಕ ತಗದು, ಎರಡೂ ಕೈಲೆ ಸಮಾ ಒತ್ತಿ ನೋಡಿದ್ವಿ, ಕೆರದ ಸಪ್ಪಳ ಬರಲಿಲ್ಲ. ಗಡಿಯಾರದ ಸೆಲ್ಲಿನ ವೈರ್ ಒಂದ ಕ್ಷಣ ಮುಟ್ಟಿಸಿದ್ರ ಟಪ್ ಅಂತು. ಬ್ಲೌಜಿಗೆ ಪೈಪಿಂಗ್ ಹಚ್ಚೂ ಕೈಗೆ ಇದೇನ ದೊಡ್ಡದಲ್ರಿ. ಕೆಪ್ಯಾಸಿಟರ್ ಮಾತ್ರ ಮೈಕ್ರೋಫ್ಯಾರಡ್ ಅಂಕಿ ಹಳೇದರದ್ದ ನೋಡಿ ತರಬೇಕು, ಪ್ಲಸ್-ಮೈನಸ್ ಇಲ್ಲದ್ದ ತರಬೇಕು, ವೋಲ್ಟ್ ಅಷ್ಟ ಇಲ್ಲಾ ಹೆಚ್ಚ ಇರಬೇಕು. ಎಲ್ಲಾ ಕೂಡಿ ಎರಡ ಕಿಲೋ ಕರದಂಟಿನ ರೊಕ್ಕಾ ಆಗಲಿಲ್ಲ.

ರಿಪೇರಿ ಅನ್ನೂ ಹೆಸರಲೆ ನಡಿಯೂ ಮೋಸದ ಮ್ಯಾಲೂ ನನಗ ಸಿಟ್ಟೈತಿ. ನಮ್ಮ ಅಕ್ಕನ ಸ್ಪೀಕರ್ ಒಂದ ಅಂಗಡ್ಯಾಗ ಕೊಟ್ರ, ಅಂವ ಪೆಟಗಿಗೆ ಥಳಥಳ ಪಾಲಿಶ್ ಹೊಡದು, ಒಳಗಿನ ಭಾರದ ಸ್ಪೀಕರ್ ತಗದು ಹಗರನ್ನವು ಹಾಕಿ ಕೊಟ್ಟಾ. ಹಳೇವು ಎಲ್ಲಿ ಅಂದ್ರ “ಒಗದ್ನಿರಿ” ಅಂದಾ. ಪತ್ತಾರರ ಮುಂದ ಕುಂತ ಗುಂಜಿ ಬಂಗಾರ ಕಾಯೂ ನಾವು, ಇಲ್ಲಿ ಯಾಕ ಬಾಯಿ ಮುಚಗೊಂಡ ಬರತೇವಿ? ತಗದ ಸಾಮಾನ ಕೈಯಾಗ ಕೊಡು ಅಂತ ಕೇಳ್ರಿ. ಕೆಟ್ಟದ್ದ ಅಷ್ಟ ಬದಲ ಮಾಡು, ಉಳಿದದ್ದ ಮುಟ್ಟಬ್ಯಾಡ ಅಂತ ಖಡಕ್ಕಾಗಿ ಹೇಳ್ರಿ.

“ಈಗ ಬ್ಲೂಟೂತ್ ಡಬ್ಬಿ ಬಂದಾವಲ್ಲ ಮಾವಶಿ” ಅಂತಾರ ಹುಡುಗ್ರು. ಬಂದಾವು, ಖರೆ. ಬ್ಯಾಟರಿ ಸತ್ತಾಗ ಬಿಚ್ಚಾಕ ಒಂದ ಸ್ಕ್ರೂ ಹುಡಕ್ರಿ ನೋಡೂಣು, ಭಾಳಷ್ಟಕ್ಕ ಅಂಟ ಹಾಕಿ ಮುಚ್ಚಿರತಾರ. ಅದರಾಗ ಗಂಗೂಬಾಯಿ ಹಾನಗಲ್ ಅವರನ್ನ ಹಚ್ಚಿ ಕೇಳ್ರಿ. ಆ ತೂಕದ ದನಿ ಅಂಗೈ ಅಗಲದ ಡಬ್ಬ್ಯಾಗ ಹಿಡಿಸೂದಿಲ್ಲ. ಧಾರವಾಡ ಆಕಾಶವಾಣಿ 1950ರಾಗ ಸುರುವಾತು. ನಮ್ಮ ಹಿರೇರು ರೊಟ್ಟಿ ಬಡಕೋತ ಅದರ ಹಾಡ ಕೇಳಿದ್ದು ಇಂಥಾ ಪೆಟಗ್ಯಾಗ. ಹುಕ್ಕೇರಿಯವರಂತೂ 1969ರಾಗ ತಮ್ಮದ ವಿದ್ಯುತ್ ಸಹಕಾರಿ ಸಂಘ ಕಟಗೊಂಡ ಮಂದಿ. ಕರೆಂಟನ್ನ ತಾವ ಹಂಚಕೊಂಡವರ ಮೊಮ್ಮಕ್ಕಳಿಗೆ ಒಂದ ಕೆಪ್ಯಾಸಿಟರ್ ಬದಲ ಮಾಡಾಕ ಬ್ಯಾಸರಂತ!

ಎಲ್ಲಾ ಹಳೇದ ಇಟಗೊಂಡ ಮನಿ ಮೋಡಕಾ ಅಂಗಡಿ ಮಾಡ್ರಿ ಅನ್ನೂದಿಲ್ಲ ನಾನು. ಭೂಸಾ ಹಲಗಿ ಪೆಟಗಿ ನೀರ ಕುಡದ ಉಬ್ಬಿದ್ರ, ಕಾಯಿಲ್ ಸುಟ್ಟು ಸುತ್ತಿ ಕೊಡವ್ರ ಸಿಗಲಿಲ್ಲಂದ್ರ ಕೊಡ್ರಿ, ಕಣ್ಣೀರ ಹಾಕಬ್ಯಾಡ್ರಿ. ಆದ್ರ ನೋಡಿ ಕೊಡ್ರಿ. ಮತ್ತ ವಾಲ್ವ್ ರೇಡಿಯೋ, ಆಂಪ್ಲಿಫೈಯರ್ ಒಳಗ ಮಾತ್ರ ನಾವೂ ನೀವೂ ಕೈ ಹಾಕೂದ ಬ್ಯಾಡ. ಪ್ಲಗ್ ತಗದಮ್ಯಾಲೂ ಅದರ ಕೆಪ್ಯಾಸಿಟರಿನ್ಯಾಗ ಕರೆಂಟ ಕುಂತಿರತೈತಿ, ಹೊಡೀತೈತಿ. ಅದು ಬಲ್ಲವ್ರ ಕೆಲಸ.

ಮೂಡಲಗಿ ನೆಗೆಣ್ಣೀ, ನೀ ಇದನ್ನ ಓದತೀ ಅಂತ ಗೊತ್ತೈತಿ. ಮಾವಾರು ತಂದ ಆ ಜೋಡಿ ಪೆಟಗಿ ಎಕ್ಸ್‌ಚೇಂಜ್‌ನ್ಯಾಗ ಕೊಡಾಕ ನಿಂತೀಯಂತ. ಐತವಾರ ತನಕಾ ತಡಿ. ಹುಡುಗನ್ನ ಕರಕೊಂಡ ಬರತೀನಿ, ಅಂಟ ನಾ ತರತೀನಿ. ನೀ ಒಂದ ಹಳೇ ಫೋಟೋ ರೀಲ್ ಹುಡಕಿ ಇಡು, ಮತ್ತ ಕೋನಿಗೆ ಕೂಸುಗಳು ಬಟ್ಟ ಚುಚ್ಚಧಂಗ ಪೆಟಗಿ ಗ್ವಾಡಿ ಕಡೆ ಮಾರಿ ಮಾಡಿ ನಿಂದ್ರಸು.