ಬೇಡದ ಉತ್ತರ ಕೊಟ್ಟ ಕಂಪ್ಯೂಟರುಗಳು

"ಮನೆ ಕಂಪ್ಯೂಟರ್ ಓಡಿಸಿ ಭೂಮಿ ಉಳಿಸ್ತೀರೇನ್ರೀ? ಆ ಕರೆಂಟು ಕಲ್ಲಿದ್ದಲಿಂದ ತಾನೇ ಬರೋದು?" ಎಂದು ಇಲ್ಲಿ ಚೆನ್ನೈಯಲ್ಲಿ ಕನ್ನಡದ ಗೆಳೆಯರೊಬ್ಬರು ನಕ್ಕರು. 'ಕ್ಲೈಮೇಟ್ ಪ್ರೆಡಿಕ್ಷನ್ ಡಾಟ್ ನೆಟ್' ಯೋಜನೆಗೆ ನನ್ನ ಕಂಪ್ಯೂಟರಿನ ಬಿಡುವಿನ ಹೊತ್ತು ಕೊಡುತ್ತೇನೆ ಎಂದು ಹೇಳಿದ್ದೇ ತಪ್ಪಾಯಿತು. ಇದೇ ಗೆಳೆಯರು 2015ರ ಪ್ರವಾಹದ ಮಾತು ಬಂದರೆ, "ಎಲ್ಲಾ ಹವಾಮಾನ ಬದಲಾವಣೆ ಕಣ್ರೀ, ಯಾರೇನು ಮಾಡೋಕಾಗುತ್ತೆ?" ಎಂದು ಕೈ ಚೆಲ್ಲುತ್ತಾರೆ. ನನ್ನ ಜಗಳ ಇರುವುದು ಈ ಎರಡನೆಯ ಮಾತಿನ ಮೇಲೆ.

ಮೊದಲು ಕರೆಂಟಿನ ಲೆಕ್ಕ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಇದಕ್ಕೆಂದೇ ರಾತ್ರಿಯಿಡೀ ಯಂತ್ರ ಉರಿಸುವುದು ಜಾಣತನವಲ್ಲ; ನಾನೂ ಉರಿಸುವುದಿಲ್ಲ. ಹೇಗೂ ಕಂಪ್ಯೂಟರ್ ಹಾಕಿಕೊಂಡು ಕೂತಾಗ ಪ್ರೊಸೆಸರಿನ ಬಹುಪಾಲು ಸುಮ್ಮನಿರುತ್ತದಲ್ಲ, ಅದರಲ್ಲಿ ಇಷ್ಟೇ ಬಳಸು ಎಂದು ಮಿತಿ ಹಾಕಿಕೊಡುತ್ತೇನೆ. ಖರ್ಚೇ ಇಲ್ಲ ಎಂದು ವಾದಿಸುವುದಿಲ್ಲ. ಆ ಖರ್ಚಿಗೆ ಸಿಕ್ಕಿದ್ದೇನು ಎಂದು ನೋಡೋಣ.

ಜನಸಾಮಾನ್ಯರ ಕಂಪ್ಯೂಟರುಗಳಲ್ಲೇ ಹವಾಮಾನದ ಮಾದರಿ ಓಡಿಸಬಹುದೆಂದು ಬ್ರಿಟನ್ನಿನ ವಿಜ್ಞಾನಿ ಮೈಲ್ಸ್ ಅಲೆನ್ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. 2003ರಲ್ಲಿ ಆಕ್ಸ್‌ಫರ್ಡ್‌ನಿಂದ ಯೋಜನೆ ಶುರುವಾಯಿತು. ಒಂದೇ ಮಳೆಗಾಲವನ್ನು ಸಾವಿರಾರು ಸಲ, ಪ್ರತಿ ಸಲವೂ ಆರಂಭವನ್ನು ಕೂದಲೆಳೆಯಷ್ಟು ಬದಲಿಸಿ ಓಡಿಸುತ್ತಾರೆ. ಒಂದು ಕಂತು ಇಂದಿನ ಜಗತ್ತಿನದು, ಇನ್ನೊಂದು ಮನುಷ್ಯ ಹೊಗೆ ಬಿಡದೇ ಇದ್ದ ಜಗತ್ತಿನದು. ಎರಡರಲ್ಲೂ ಮಹಾಮಳೆ ಎಷ್ಟೆಷ್ಟು ಸಲ ಬಂತು ಎಂದು ಎಣಿಸುತ್ತಾರೆ. ಒಂದು ಮನೆಯ ಫಲಿತಾಂಶಕ್ಕೆ ಬೆಲೆಯಿಲ್ಲ, ಸಾವಿರಾರು ಸೇರಿದರೆ ಉತ್ತರ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2000ದ ಶರತ್ಕಾಲದಲ್ಲಿ ಬಂದ ನೆರೆಯನ್ನು ಹೀಗೆ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಮೂರರಲ್ಲಿ ಎರಡು ಪಾಲು ಲೆಕ್ಕಗಳಲ್ಲಿ ಮನುಷ್ಯನ ಹೊಗೆ ನೆರೆಯ ಅಪಾಯವನ್ನು ಶೇ. 90ಕ್ಕಿಂತ ಹೆಚ್ಚಿಸಿತ್ತು.

ಇನ್ನು ನಮ್ಮ ಊರಿಗೆ ಬನ್ನಿ. 2015ರ ಡಿಸೆಂಬರ್ ಆರಂಭದಲ್ಲಿ ತಾಂಬರಂನಲ್ಲಿ 24 ಗಂಟೆಗಳಲ್ಲಿ 494 ಮಿಲಿಮೀಟರ್ ಮಳೆ ಸುರಿಯಿತು. ನೆದರ್ಲೆಂಡ್ಸ್, ಆಕ್ಸ್‌ಫರ್ಡ್ ಹಾಗೂ ದೆಹಲಿ ಐಐಟಿಯ ವಿಜ್ಞಾನಿಗಳು ಹಳೆಯ ಮಳೆ ದಾಖಲೆಗಳನ್ನೂ ಸ್ವಯಂಸೇವಕರ ಕಂಪ್ಯೂಟರುಗಳು ಓಡಿಸಿದ ಮಾದರಿಯನ್ನೂ ಇಟ್ಟುಕೊಂಡು ಅದೇ ಪ್ರಶ್ನೆ ಕೇಳಿದರು. 2016ರಲ್ಲಿ ಬಂದ ಉತ್ತರ: ಈ ಮಳೆಯಲ್ಲಿ ಜಾಗತಿಕ ತಾಪಮಾನದ ಕೈವಾಡ ಕಾಣಲಿಲ್ಲ.

ಈ "ಕಾಣಲಿಲ್ಲ" ಎಂಬ ಮಾತನ್ನು ಹಿಡಿದು, ಹವಾಮಾನ ಬದಲಾವಣೆಯೇ ಸುಳ್ಳು ಎಂದು ವಾಟ್ಸಾಪಿನಲ್ಲಿ ಹಂಚುವವರಿಗೊಂದು ಮಾತು. ಇಲ್ಲಿನ ಗಾಳಿಯಲ್ಲಿರುವ ಹೊಗೆ, ದೂಳಿನ ಕಣಗಳು ಬಿಸಿಯ ಪರಿಣಾಮವನ್ನು ಈವರೆಗೆ ತಡೆದಿರಬಹುದು ಎಂದೂ ಅದೇ ವಿಜ್ಞಾನಿಗಳು ಬರೆದಿದ್ದಾರೆ. ಗಾಳಿ ಶುದ್ಧವಾದಂತೆ ಈ ಮರೆ ಸರಿಯುತ್ತದೆ. ಅಂದರೆ ಇದು ಎಚ್ಚರಿಕೆಯೇ ಹೊರತು ಸಮಾಧಾನವಲ್ಲ.

ಆದರೆ 2015ರ ಮಟ್ಟಿಗೆ "ಯಾರೇನು ಮಾಡೋಕಾಗುತ್ತೆ" ಎನ್ನುವ ನೆಪ ನಮ್ಮ ಕೈಯಿಂದ ಜಾರಿತು. ಕೆರೆಯಂಗಳದಲ್ಲಿ ಮನೆ ಕಟ್ಟಲು ಅನುಮತಿ ಕೊಟ್ಟದ್ದು ಹವಾಮಾನವಲ್ಲ. ಪಳ್ಳಿಕರಣೈ ಜೌಗನ್ನು ಮೂಲೆಗೊತ್ತಿ ಕಸ ಸುರಿದದ್ದು, ಕಚೇರಿ ಕಟ್ಟಿದ್ದು ಹವಾಮಾನವಲ್ಲ. ಚೆಂಬರಂಬಾಕ್ಕಂ ಕೆರೆಯಿಂದ ಯಾವಾಗ, ಎಷ್ಟು ನೀರು ಬಿಡಬೇಕೆಂದು ತೀರ್ಮಾನಿಸಿದ್ದೂ ಹವಾಮಾನವಲ್ಲ. ಆ ಕಚೇರಿಗಳಲ್ಲಿ ಕೂತು ಸಂಬಳ ಎಣಿಸುವವರಲ್ಲಿ, ಆ ಬಡಾವಣೆಗಳಲ್ಲಿ ಫ್ಲ್ಯಾಟು ಕೊಂಡವರಲ್ಲಿ ಹೊರಗಿನಿಂದ ಬಂದ ನಾವೂ ಇದ್ದೇವೆ. ಬೆಂಗಳೂರಿಗೆ ರಜೆಗೆ ಹೋದಾಗ ಬೆಳ್ಳಂದೂರಿನ ನೊರೆ ನೋಡಿ ಮರುಗುವ ನಾವು, ಇಲ್ಲಿ ಮಾತ್ರ ಆಕಾಶದ ಕಡೆ ಬೆರಳು ತೋರಿಸುತ್ತೇವೆ.

ಇಂಗ್ಲೆಂಡಿಗೆ "ಹೌದು" ಎಂದ ಲೆಕ್ಕವೇ ನಮಗೆ "ಕಾಣಲಿಲ್ಲ" ಎಂದಿತು. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ. ಕೇಳಿದವರಿಗೆಲ್ಲ ಬೇಕಾದ್ದನ್ನೇ ನುಡಿಯುವುದು ಕಣಿ, ವಿಜ್ಞಾನವಲ್ಲ.

ಹೈದರಾಬಾದು, ಪುಣೆ, ಮುಂಬೈಗಳಲ್ಲಿ ಒಳ್ಳೊಳ್ಳೆ ಯಂತ್ರ ಇಟ್ಟುಕೊಂಡಿರುವ ಗೆಳೆಯರೇ, ಅದರ ಬಿಡುವಿನ ಪಾಲು ಕೊಡಿ. ಕಂಪನಿ ಲ್ಯಾಪ್‌ಟಾಪ್ ಬೇಡ, ಸ್ವಂತದ್ದು ಸಾಕು. ಆದರೆ ಉತ್ತರ ಬಂದಮೇಲೆ ಅದನ್ನು ಓದುವ ಕೆಲಸವೂ ನಿಮ್ಮದೇ. ಆಕಾಶದ ಪಾಲಿನದ್ದನ್ನು ಕಳೆದು ಉಳಿದದ್ದಕ್ಕೆ ಒಂದು ವಿಳಾಸವಿರುತ್ತದೆ. ಒಮ್ಮೊಮ್ಮೆ ಅದು ನಮ್ಮ ಮನೆಯದೇ.