ನೆಲ ಅಳೆಯದ ಎಕರೆಯನ್ನು ಸರ್ಕಾರ ಅಳೆಯಿತು

ಭೂಕಂಪದ ಮುಂದೆ ಬಡವ ಬಲ್ಲಿದರೆಲ್ಲ ಸಮಾನರು ಎಂಬ ಮಾತನ್ನು ಸಂತಾಪ ಸಭೆಗಳಲ್ಲಿ ನಾವು ಬಹಳ ಸಲ ಕೇಳಿದ್ದೇವೆ. ಮಾತು ಕೇಳಲು ಇಂಪಾಗಿದೆ. ನೆಲ ನಡುಗುವ ಆ ಒಂದು ನಿಮಿಷದ ಮಟ್ಟಿಗೆ ಅದು ನಿಜವೂ ಇದ್ದೀತು. ಆದರೆ ಮರುದಿನ ಗುಮಾಸ್ತನು ಪಟ್ಟಿ ಹಿಡಿದು ಬರುತ್ತಾನೆ. ಅಲ್ಲಿಗೆ ಸಮಾನತೆ ಮುಗಿಯಿತು. ಇದು ಹೇಗೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಬೀದರ ಜಿಲ್ಲೆಯ ಗಡಿಗೆ ಹತ್ತಿಕೊಂಡಿರುವ ಲಾತೂರು ಜಿಲ್ಲೆಯ ಕಿಲ್ಲಾರಿಯನ್ನು ನೋಡಿದರೆ ಸಾಕು.

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ದಣಿದು ಮಲಗಿದ್ದರು. 6.2 ಪ್ರಮಾಣದ ಕಂಪನ ಕಿಲ್ಲಾರಿಯನ್ನೂ ಸುತ್ತಲ ಹಳ್ಳಿಗಳನ್ನೂ ಕಲ್ಲುಮಣ್ಣಿನ ರಾಶಿಯಾಗಿ ಮಾಡಿತು. ಎಂಟರಿಂದ ಹತ್ತು ಸಾವಿರ ಜನ ಸತ್ತರು. ಬೀದರ, ಕಲಬುರ್ಗಿಗಳಲ್ಲಿಯೂ ನೆಲ ನಡುಗಿತು. ಬದುಕಿ ಉಳಿದವರು ಬರಿಗೈಯಿಂದ ಕಲ್ಲು ಸರಿಸಿ ತಮ್ಮವರನ್ನು ಹುಡುಕಿದರು. ಮೇಲೆ ಮಳೆ ಹಿಡಿಯಿತು. ಬಿದ್ದ ಮನೆಗಳ ತೊಲೆ ಜಂತಿಗಳೇ ಚಿತೆಯ ಕಟ್ಟಿಗೆಯಾದವು.

ಇದಾಗಿ ನಾಲ್ಕು ತಿಂಗಳು ತುಂಬುವುದರೊಳಗೆ, 1994ರ ಜನವರಿ 17ರಂದು, ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 6.7 ಪ್ರಮಾಣದ ಭೂಕಂಪವಾಯಿತು. ಅದೂ ನಸುಕಿನಲ್ಲೇ, 4 ಗಂಟೆ 31 ನಿಮಿಷಕ್ಕೆ. ಕಿಲ್ಲಾರಿಯದಕ್ಕಿಂತ ದೊಡ್ಡ ಕಂಪನ, ಲಕ್ಷಾಂತರ ಜನ ಮಲಗಿದ್ದ ಊರು. ಸತ್ತವರು ಅರವತ್ತರ ಆಸುಪಾಸು. ಅಲ್ಲಿಯ ಭೂತಾಯಿ ದಯಾಳು, ಇಲ್ಲಿಯವಳು ಕ್ರೂರಿ ಎಂದು ಯಾರಾದರೂ ಹೇಳುವರೆ? ಜನರನ್ನು ಕೊಂದದ್ದು ಗೋಡೆ.

ಆ ಗೋಡೆ ಎಂಥದು? ನಮ್ಮ ಉತ್ತರದ ಜಿಲ್ಲೆಗಳ ಹಳೆಯ ಊರುಗಳಲ್ಲಿ ಕಾಣುವಂಥದೇ. ಒರಟು ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿ ಎರಡು ಮೊಳ ದಪ್ಪಕ್ಕೆ ಎತ್ತಿದ ಗೋಡೆ. ಹೊರಮೈಯನ್ನೂ ಒಳಮೈಯನ್ನೂ ಹಿಡಿದು ನಿಲ್ಲಿಸುವ ಉದ್ದ ಕಲ್ಲು ನಡುವೆ ಇಲ್ಲ. ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಬೇಸಿಗೆಯ ಬಿಸಿಲು ತಡೆಯಲೆಂದು, ಮಳೆಗೆ ಸೋರದಿರಲೆಂದು ಹಾಕಿದ ಮಣ್ಣಿನ ಮೇಲೆ ಮತ್ತೆ ಮಣ್ಣು. ನಡುಕಕ್ಕೆ ಗೋಡೆ ಎರಡು ಸೀಳಾಗಿ ಬಿಚ್ಚಿಕೊಂಡಿತು, ಅಷ್ಟೂ ಭಾರ ಮಲಗಿದವರ ಎದೆಯ ಮೇಲೆ ಬಿತ್ತು. ಇಲ್ಲಿ ಒಂದು ಮಾತನ್ನು ನಾವು ಮರೆಮಾಚಬಾರದು. ದೊಡ್ಡ ವಾಡೆಗಳೂ ಬಿದ್ದವು, ಉಳ್ಳವರೂ ಸತ್ತರು. ಊರ ಹೊರಗೆ ಹುಲ್ಲು ತಗಡಿನ ಗುಡಿಸಲಲ್ಲಿದ್ದ ಬಡವರು ಎಷ್ಟೋ ಕಡೆ ಬದುಕಿಕೊಂಡರು. ನೆಲ ಯಾರ ಪಹಣಿಯನ್ನೂ ನೋಡಲಿಲ್ಲ.

ಪಹಣಿ ನೋಡಿದವರು ಬೇರೆ. 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸಾಗಿಸಿ ಕಟ್ಟುವುದೆಂದು ಮಹಾರಾಷ್ಟ್ರ ಸರ್ಕಾರ ನಿಶ್ಚಯಿಸಿತು. ವಿಶ್ವಬ್ಯಾಂಕು ಸಾಲ ಕೊಟ್ಟಿತು. ಯಾರಿಗೆ ಎಷ್ಟು ದೊಡ್ಡ ಮನೆ? ಭೂಮಿ ಇಲ್ಲದವನಿಗೆ ಮತ್ತು ಒಂದು ಹೆಕ್ಟೇರಿನವರೆಗೆ ಇದ್ದವನಿಗೆ 250 ಚದರ ಅಡಿ. ಒಂದರಿಂದ ಏಳು ಹೆಕ್ಟೇರಿನವನಿಗೆ 400. ಏಳಕ್ಕಿಂತ ಹೆಚ್ಚು ಇದ್ದವನಿಗೆ 750. ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ಈ ಅಳತೆಗೋಲು ಕೇಳಲಿಲ್ಲ. ಆರು ಮಕ್ಕಳ ಕೂಲಿಯವನಿಗೆ 250. ಗಂಡಹೆಂಡಿರಿಬ್ಬರೇ ಇರುವ ಜಮೀನುದಾರನಿಗೆ ಅದರ ಮೂರು ಪಟ್ಟು! ಭೂಕಂಪ ನೆಲಸಮ ಮಾಡಿದ್ದ ಮೇಲು ಕೀಳನ್ನು ಸಿಮೆಂಟಿನಲ್ಲಿ ಮತ್ತೆ ಎತ್ತಿ ನಿಲ್ಲಿಸಿದಂತಾಯಿತು.

ದೊಡ್ಡ ರೈತನಿಗೆ ಎತ್ತು ಕಟ್ಟಲು, ಕಾಳು ತುಂಬಲು ಜಾಗ ಬೇಡವೆ ಎಂದು ಕೆಲವರು ವಾದಿಸುತ್ತಾರೆ. ಬೇಕು. ಕೊಟ್ಟಿಗೆಗೆ, ಕಣಜಕ್ಕೆ ಬೇರೆ ಸಾಲ ಕೊಡಲಿ, ನಮ್ಮ ಆಕ್ಷೇಪವಿಲ್ಲ. ಮಲಗುವ ಜಾಗವನ್ನು ತಲೆ ಎಣಿಸಿ ಕೊಡಬೇಕೇ ಹೊರತು ಎಕರೆ ಎಣಿಸಿ ಅಲ್ಲ.

ಅದೇ ಯೋಜನೆಯಲ್ಲಿ ಮೆಚ್ಚತಕ್ಕ ಕೆಲಸವೂ ನಡೆಯಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಪೂರ್ತಿ ಬೀಳದ, ಬಿರುಕು ಬಿಟ್ಟ ಎರಡು ಲಕ್ಷದಷ್ಟು ಮನೆಗಳನ್ನು ಮನೆಯವರ ಕೈಯಿಂದಲೇ ರಿಪೇರಿ ಮಾಡಿಸಿ ಭದ್ರಪಡಿಸುವ ಏರ್ಪಾಡಾಯಿತು. ನೂರಾರು ಹಳ್ಳಿಗಳಲ್ಲಿ ಊರ ಹೆಂಗಸರನ್ನೇ ಸಂವಾದ ಸಹಾಯಕಿಯರೆಂದು ನೇಮಿಸಿದರು. ಯಾರಿಗೆ ಏನು ಸಲ್ಲಬೇಕು, ಗೋಡೆಯನ್ನು ಹೇಗೆ ಬಿಗಿ ಮಾಡಬೇಕು ಎಂಬುದನ್ನು ಅವರು ಮನೆಮನೆಗೆ ತಿಳಿಸಿದರು. ತಮ್ಮ ಲೆಕ್ಕವನ್ನು ತಾವೇ ಕೇಳುವ ಜನ ಇದ್ದಲ್ಲಿ ಹಣ ಸೋರುವುದು ಕಷ್ಟ.

ಇದೆಲ್ಲ ಹಳ್ಳಿಯ ಮಾತು, ಗಿರಣಿಯವರಿಗೂ ಅಂಗಡಿಯವರಿಗೂ ಏನು ಸಂಬಂಧ ಎಂದು ನಮ್ಮ ಓದುಗರು ಕೇಳಬಹುದು. 2001ರ ಜನವರಿ 26ರಂದು ಕಚ್ಛದಲ್ಲಿ ನೆಲ ನಡುಗಿದಾಗ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಹೊಸ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ಗಿರಣಿಗಳಿಗೆ ಹೆಸರಾದ ಊರದು. ಮಣ್ಣಿನ ಗೋಡೆಯಷ್ಟೇ ಅಲ್ಲ, ಕಾಸು ಉಳಿಸಿ ಕಟ್ಟಿದ ಕಾಂಕ್ರೀಟೂ ಕೊಲ್ಲುತ್ತದೆ. ವಠಾರದಲ್ಲಿ ಬಾಡಿಗೆಗಿರುವ ಕಾರ್ಮಿಕ, ಬಾಡಿಗೆ ಮಳಿಗೆಯಲ್ಲಿ ಸಾಮಾನು ತುಂಬಿರುವ ವ್ಯಾಪಾರಿ ಇಬ್ಬರೂ ಯೋಚಿಸಬೇಕು. ಕಟ್ಟಡ ಬಿದ್ದ ದಿನ ಕಾಗದ ಮಾಲೀಕನ ಹೆಸರಿನಲ್ಲಿರುತ್ತದೆ, ಕಳಕೊಂಡ ಬದುಕು ನಿಮ್ಮದಾಗಿರುತ್ತದೆ. ಎಕರೆ ಕೇಳಿದ ಗುಮಾಸ್ತ ಪಟ್ಟಣಕ್ಕೆ ಬಂದರೆ ಖಾತೆ ಕೇಳುತ್ತಾನೆ.

ಕಿಲ್ಲಾರಿಯಲ್ಲಿ 1992ರಿಂದಲೇ ಸಣ್ಣ ಕಂಪನಗಳಾಗಿದ್ದವು. 2021ರ ಅಕ್ಟೋಬರಿನಲ್ಲಿ ನಮ್ಮದೇ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ನಡುಗಿ ಜನ ಊರು ಬಿಟ್ಟು ಹೊರಟರು. ಸಣ್ಣದರ ಹಿಂದೆ ದೊಡ್ಡದು ಬಂದೇ ತೀರುವುದೆಂದು ಯಾವ ಶಾಸ್ತ್ರಜ್ಞನೂ ಹೇಳಲಾರ, ನಾವೂ ಹೆದರಿಸುತ್ತಿಲ್ಲ. ಆದರೆ ಗೋಡೆಯನ್ನು ಬಿಗಿ ಮಾಡಲು ಭವಿಷ್ಯ ಹೇಳುವವರು ಬೇಕಾಗಿಲ್ಲ.

ಆದ್ದರಿಂದ ನಾವು ಕೇಳುವುದಿಷ್ಟು. ನೆಲ ನಡುಗಿದ ಊರುಗಳ ಕಲ್ಲುಮಣ್ಣಿನ ಮನೆಗಳನ್ನು ಬೀಳುವ ಮುನ್ನವೇ ಸರ್ಕಾರದ ಖರ್ಚಿನಲ್ಲಿ ಭದ್ರಪಡಿಸಬೇಕು. ಪಟ್ಟಣದಲ್ಲಿ ಕಟ್ಟಡಕ್ಕೆ ಅನುಮತಿ ಕೊಟ್ಟ ಅಧಿಕಾರಿಯೂ ಕಟ್ಟಿದ ಗುತ್ತಿಗೆದಾರನೂ ಅದರ ಬಲಕ್ಕೆ ಹೊಣೆಯಾಗಬೇಕು. ಪರಿಹಾರದ ಪಟ್ಟಿಯಲ್ಲಿ ಬಾಡಿಗೆದಾರನಿಗೂ, ಸಣ್ಣ ವ್ಯಾಪಾರಿಯ ಸಾಮಾನಿಗೂ ಕಲಮು ಇರಬೇಕು. ಆ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿ ಹೇಳಬೇಕು. ಇದನ್ನು ನೆಲ ಗಟ್ಟಿಯಾಗಿ ನಿಂತಿರುವ ದಿನಗಳಲ್ಲೇ ಕೇಳಿ ಪಡೆಯಬೇಕು. ಡೇರೆಯಲ್ಲಿ ಕೂತು ಕೇಳುವವನಿಗೆ ಸಿಗುವುದು 250 ಚದರ ಅಡಿ.