ಕೂರಿಸಿ ಬೀಳಿಸಬೇಡಿ

ಮೈಸೂರು: ಮನೆಯ ಹಿರಿಯರು ಬಚ್ಚಲಲ್ಲಿ ಒಮ್ಮೆ ಜಾರಿದರೆನ್ನಿ, ಅಲ್ಲಿಗೆ ಅವರ ಓಡಾಟಕ್ಕೆ ಬೀಗ ಬಿತ್ತು. 'ನೀವೇಳ್ಬೇಡಿ ಅತ್ತೆ, ನಾನೇ ತಂದ್ಕೊಡ್ತೀನಿ' ಎನ್ನುತ್ತಾಳೆ ಸೊಸೆ. 'ಸುಮ್ನೆ ಕೂತ್ಕೊಳ್ಳಿ ಅಪ್ಪ, ಬಿದ್ರೆ ಯಾರು ನೋಡ್ಕೊಳ್ಳೋದು?' ಎಂದು ಗದರುತ್ತಾನೆ ಮಗ. ಅಕ್ಕರೆಯ ಮಾತೇ, ಸುಳ್ಳಲ್ಲ. ಆದರೆ ಈ ಅಕ್ಕರೆಯೇ ಅವರನ್ನು ಮತ್ತೊಮ್ಮೆ ಬೀಳಿಸುತ್ತದೆ ಎಂಬುದು ಎಷ್ಟು ಮಂದಿಗೆ ಗೊತ್ತು?

ಲೆಕ್ಕ ಸರಳ. ಬೀಳುವ ಭಯಕ್ಕೆ ಕೂರುತ್ತಾರೆ. ಕೂತಷ್ಟೂ ತೊಡೆಯ ಬಲ, ಮೀನಖಂಡದ ಬಲ ಇಳಿಯುತ್ತದೆ. ಕೊನೆಗೊಂದು ದಿನ ಹೊಸ್ತಿಲು ದಾಟುವಾಗಲೇ ಮುಗ್ಗರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ಇದಕ್ಕೆ ಮದ್ದಿಲ್ಲವೆ? ಇದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ 80 ದಾಟಿದ ಅಜ್ಜಿಯರಿಗೆ ಮನೆಯಲ್ಲಿ ಮಾಡುವ ವ್ಯಾಯಾಮ ಕಲಿಸಿದರು. ಕಾಲಿಗೆ ಬಲ, ನಿಲುವಿಗೆ ಸಮತೋಲ ಕೊಡುವ ವ್ಯಾಯಾಮ ಅದು. ಬೀಳುವುದು ಕಮ್ಮಿಯಾಯಿತು. ಇಂಥ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು 2019ರಲ್ಲಿ ಒಟ್ಟಿಗಿಟ್ಟು ನೋಡಿದಾಗ, ವ್ಯಾಯಾಮದಿಂದ ಬೀಳುವುದು ನೂರಕ್ಕೆ 23ರಷ್ಟು ತಗ್ಗುತ್ತದೆಂದು ಕಂಡಿತು.

ಆದರೆ 'ವ್ಯಾಯಾಮ ಮಾಡಿ' ಎಂದು ಚೀಟಿ ಬರೆದುಕೊಟ್ಟರೆ ಸಾಲದು. ಮಂಡಿ ನಡುಗುವವರಿಗೆ ಮೊದಲು ಬೇಕಾದದ್ದು ಧೈರ್ಯ. ಅದು ಉಪದೇಶದಿಂದ ಬರೋದಿಲ್ಲ, ಮಾಡಿ ನೋಡಿದರೆ ಬರುತ್ತದೆ. ಗೋಡೆಗೊರಗಿಸಿದ ಗಟ್ಟಿ ಕುರ್ಚಿ, ಪಕ್ಕದಲ್ಲಿ ಒಬ್ಬರು ಇದ್ದರಾಯಿತು. ಮೊದಲ ವಾರ ಐದು ಸಲ ಎದ್ದು ಕೂರಲಿ. ಆಮೇಲೆ ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಲಿ. ಎರಡು ಕೈ ಊರಿದವರು ಮುಂದೆ ಒಂದೇ ಕೈ ಊರಲಿ. 'ನಿನ್ನೆ ಐದು, ಇವತ್ತು ಆರು' ಎಂಬ ಎಣಿಕೆಯೇ ಅವರಿಗೆ ಟಾನಿಕ್ಕು. ವಾರಕ್ಕೆ ಮೂರು ದಿನವಾದರೂ ಮಾಡಬೇಕು. ತಲೆಸುತ್ತು, ಎದೆನೋವು ಇರುವವರು ಮಾತ್ರ ಮೊದಲು ಡಾಕ್ಟರನ್ನು ಕೇಳಲಿ.

ಇನ್ನು ನಮ್ಮ ಊರಿನ ಮಾತು. ಯೋಗದ ಊರೆಂದು ನಮಗೆ ಹೆಮ್ಮೆ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದ ಊರು. 2022ರ ಜೂನ್ 21ರಂದು ಅರಮನೆ ಆವರಣದಲ್ಲಿ ಪ್ರಧಾನಿಯವರೇ ಸಾವಿರಾರು ಜನರ ಜೊತೆ ಆಸನ ಹಾಕಿದ ಊರು. ಸಂತೋಷ. ಆದರೆ ಚಾಪೆಯ ಮೇಲೆ ಕೂತರೆ ಏಳಲಾರದ ಅಜ್ಜಿಗೆ ಈ ಊರಲ್ಲಿ ಜಾಗ ಎಲ್ಲಿ?

ಪಾಲಿಕೆಗೆ ಇದು ಕೋಟಿ ಖರ್ಚಿನ ಕೆಲಸವಲ್ಲ. ಬಡಾವಣೆಗೊಂದು ಪಾರ್ಕಿನಲ್ಲಿ ಸೊಂಟದೆತ್ತರದ ಕಬ್ಬಿಣದ ಕಂಬಿ, ಹತ್ತು ಗಟ್ಟಿ ಕುರ್ಚಿ, ವಾರಕ್ಕೆ ಮೂರು ಬೆಳಗ್ಗೆ ಒಬ್ಬ ಫಿಸಿಯೋಥೆರಪಿಸ್ಟ್ ಸಾಕು. ಫಿಸಿಯೋಥೆರಪಿ ಕಾಲೇಜಿಗೆ ಊರಲ್ಲಿ ಬರವಿಲ್ಲ. ವಿದ್ಯಾರ್ಥಿಗಳನ್ನು ಕಳಿಸಿದರೆ ಅವರಿಗೂ ಪಾಠ, ಹಿರಿಯರಿಗೂ ಜೊತೆ. ವೃದ್ಧರ ಆರೋಗ್ಯಕ್ಕೆಂದೇ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ 2010-11ರಲ್ಲೇ ಶುರುವಾಗಿದೆ. ಫಿಸಿಯೋಥೆರಪಿಯೂ ಅದರಲ್ಲಿ ಸೇರಿದೆ. ಅದು ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲದೆ ಪಾರ್ಕಿನವರೆಗೂ ಬರಲಿ. ಪಾರ್ಕಿನ ದಾರಿಯಲ್ಲಿ ಫುಟ್‌ಪಾತಿನ ಕಲ್ಲು ಎದ್ದಿದ್ದರೆ ಅದನ್ನು ಕೂರಿಸುವ ಹೊಣೆಯೂ ಪಾಲಿಕೆಯದೇ.

ಕೂರಿಸಬೇಕಾದ್ದು ಕಲ್ಲನ್ನು, ಹಿರಿಯರನ್ನಲ್ಲ. ಮುರಿದ ಸೊಂಟ ಕೂಡಿಸುವ ಖರ್ಚಿನ ಮುಂದೆ ಒಂದು ಕಂಬಿ ನೆಡುವ ಖರ್ಚು ಯಾವ ಲೆಕ್ಕ? ಮೊದಲು ಪಾಲಿಕೆ ಎದ್ದು ನಿಲ್ಲಲಿ. ಹಿಡಿಯೋದಕ್ಕೆ ಒಂದು ಕಂಬಿ ಸಿಕ್ಕರೆ ಹಿರಿಯರು ತಾವಾಗೇ ಏಳುತ್ತಾರೆ.